ಮೂರನೆಯ ಲೋಟ

ಇಪ್ಪತ್ತೆರಡು ಟನ್ ಮಾಲ್ಟ್ ಹೊತ್ತು
ಗಡಿ ದಾಟುವವಳು ನಾನು.
ಕುಡಿಯುವುದು ದಿನಕ್ಕೆ ಒಂದೇ,
ಲಾರಿ ನಿಲ್ಲಿಸಿ, ಕೀಲಿ ತೆಗೆದು, ಬೂಟು ಬಿಚ್ಚಿ,
ನಾಳೆ ಎಷ್ಟು ಗಂಟೆಗೆ ಹೊರಡಬೇಕೆಂದು
ಬೆರಳೆಣಿಸಿದ ಮೇಲೆ.

ಆದ್ದರಿಂದಲೇ ನನ್ನ ನಾಲಿಗೆಗೆ ಜಂಬ.
ಒಂದೇ ಲೋಟ ಸಿಗುವವರು
ಸುಮ್ಮಸುಮ್ಮನೆ ಒಪ್ಪುವುದಿಲ್ಲ.

ಪಿಲ್ಸೆನ್ನಿನ ಮುದುಕ ನಲ್ಲಿ ತಿರುಗಿಸಿದರೆ
ಮೊದಲು ಬೀಳುವುದು ನೊರೆ, ಒದ್ದೆ ನೊರೆ, ಮೂರು ಬೆರಳು,
ಅದರಡಿಗೆ ನುಸುಳಿ ಬರುವುದು ಹೊಂಬಣ್ಣ.
"ನೊರೆಗೂ ದುಡ್ಡು ಕೊಡಬೇಕೇ?" ಎಂದೆ ಮೊದಲ ಸಲ.
ಅವನು ಲೋಟವನ್ನು ನನ್ನತ್ತ ಸರಿಸಿ
ಬೇರೆ ಗಿರಾಕಿಯ ಕಡೆ ತಿರುಗಿದ.
ಬ್ರೆಡ್ಡಿನ ಮೈ, ಹುಲ್ಲಿನ ಕಹಿ.
ಮರುವರ್ಷ ಅದೇ ಸ್ಟೂಲು ಹುಡುಕಿಕೊಂಡು ಹೋದೆ.

ಬ್ರಸೆಲ್ಸ್‌ನಿಂದ ಪಡುವಣಕ್ಕೆ, ಕಿಟಕಿ ತೆರೆದಿಟ್ಟು
ಗಾಳಿಯಲ್ಲಿ ಬಂದ ಯಾವುದೋ ಹೆಸರಿಲ್ಲದ ಜೀವಕ್ಕೆ
ಬಾ, ನಿನ್ನದೇ ಮನೆ, ಅನ್ನುವ ಊರೊಂದಿದೆ.
ಮೂರು ವರ್ಷ ಪೀಪಾಯಿಯಲ್ಲಿ ಮಲಗಿದ್ದು
ಎದ್ದು ಬಂದು ಹಲ್ಲು ಜುಮ್ಮೆನ್ನಿಸುತ್ತದೆ:
ಹುಳಿ, ಒಗರು, ಕುದುರೆಯ ಜೀನಿನ ವಾಸನೆ.
ಹಿಂದಿನ ಲಾರಿಯ ಫಿನ್‌ಬಾರ್ ಉಗಿದ,
"ಕೆಟ್ಟುಹೋಗಿದೆ" ಎಂದ.
ನನಗೆ ಹಿಡಿಸಿತು.
ಎಲ್ಲರಿಗೂ ಒಳ್ಳೆಯದಾಗಿರಬೇಕೆಂಬ ಹಟ
ಅದಕ್ಕಿಲ್ಲವಲ್ಲ, ಅದಕ್ಕೆ.

ಫಿನ್‌ಬಾರನದು ಕಾರ್ಕ್. ಅವನಿಗೆ ಕಪ್ಪೇ ಬೇಕು,
ಅದೂ ತನ್ನೂರಿನ ಕಪ್ಪು; ಡಬ್ಲಿನ್ನಿನದು ಕೊಟ್ಟರೆ
ಸೋದರಮಾವನ ಹೆಣದ ಮುಂದೆ ನಿಂತ ಮುಖ.
ನನಗೆ ಎರಡೂ ಒಂದೇ, ಸೀದ ಬಾರ್ಲಿ, ಆರಿದ ಕಾಫಿ.
ಹಾಗೆಂದದ್ದಕ್ಕೆ ಕ್ಯಾಲೇ ಬಂದರಿನವರೆಗೂ
ರೇಡಿಯೋದಲ್ಲಿ ಮಾತು ಬಿಟ್ಟಿದ್ದ.

ಇನ್ನು ಈಗಿನ ಹುಡುಗರ ಐಪಿಎ!
ಕೋಪನ್‌ಹೇಗನ್ನಿನ ಗಡ್ಡದವನು ಬಣ್ಣಿಸಿದ:
ಮಾವಿನಂತೆ, ಕಿತ್ತಳೆಸಿಪ್ಪೆಯಂತೆ, ಪೈನ್ ಮರದ ಅಂಟಂತೆ,
ಅಂತೆಕಂತೆಗಳ ಸಂತೆ.
"ಬಿಯರ್ ಎಲ್ಲಿ?" ಎಂದೆ.
ಅವನು ನಕ್ಕ, ನಾನು ನಗಲಿಲ್ಲ.
ಇಪ್ಪತ್ತೇಳು ವರ್ಷದಲ್ಲಿ
ಅರ್ಧ ಬಿಟ್ಟು ಎದ್ದದ್ದು ಅದೊಂದೇ ಸಲ.

ಈಗ ಬಾಂಬೆರ್ಗ್. ನವೆಂಬರ್.
ಹೊಳೆಯ ಮಂಜು ಕೋಟಿನೊಳಗೂ.
ಉದ್ದ ಬೆಂಚು, ಗೊತ್ತಿಲ್ಲದವರ ಮೊಣಕೈಗಳ ನಡುವೆ
ನನ್ನೆರಡು ಮೊಣಕೈ.
ವಾಲ್‌ಬುರ್ಗಾ ಕೇಳದೆಯೇ ತಂದಿಟ್ಟಳು, ಗಾಢ ಕಂದು.
ತುಟಿಗಿಟ್ಟೆ.

ಹೊಗೆ.

ಒಲೆಯದಲ್ಲ, ಸಿಗರೇಟಿನದಲ್ಲ.
ನನ್ನಪ್ಪ ತೆಯೋಫಿಲ್‌ನ ಅಂಗಿಯದು.

ಗ್ರೊಜಿಸ್ಕ್‌ನ ಬ್ರೂವರಿಯಲ್ಲಿ ಗೋಧಿಯ ಮೊಳಕೆಯನ್ನು
ಓಕ್ ಸೌದೆಯ ಹೊಗೆಗೆ ಹರವಿ, ಮಗುಚಿ, ಮತ್ತೆ ಹರವಿ
ಸಂಜೆ ಅವನು ಮನೆಗೆ ಬಂದರೆ
ಪರದೆಗೂ ಅದೇ ವಾಸನೆ, ಹಾಸಿಗೆಗೂ, ಅಮ್ಮನ ಜಡೆಗೂ.
ಶಾಲೆಯಲ್ಲಿ ನನ್ನ ಹೆಸರೇ ಸುಟ್ಟ ಸಾಸೇಜು.
ಅವನ ಕೋಟನ್ನು ಹಿತ್ತಲಿಗೆ ಎಸೆಯುತ್ತಿದ್ದೆ;
ಬೆಳಿಗ್ಗೆ ಇಬ್ಬನಿ ಕೊಡವಿ ತೊಟ್ಟು ಹೋಗುತ್ತಿದ್ದ.
ಹದಿನೆಂಟು ತುಂಬಿದ ದಿನ
ಎತ್ತರದ ಲೋಟದಲ್ಲಿ ತಂದುಕೊಟ್ಟ,
ತಿಳಿಹಳದಿ, ನೊರೆ ಮಾತ್ರ ಬೆಟ್ಟ.
ಮೂಗು ಮುಚ್ಚಿಕೊಂಡೆ.
"ನಿನ್ನ ನಾಲಿಗೆ, ನಿನ್ನಿಷ್ಟ" ಎಂದು
ತಾನೇ ಕುಡಿದು, ಲೋಟ ತೊಳೆದು ಬೋರಲು ಹಾಕಿದ.
ತೊಂಬತ್ಮೂರರಲ್ಲಿ ಬ್ರೂವರಿ ಮುಚ್ಚಿತು.
ಮುಂದಿನ ಚಳಿಗಾಲಕ್ಕೆ ಅವನೂ.

ಇದು ಅದಲ್ಲ.
ಇದು ಬೀಚ್ ಮರ, ಅವನದು ಓಕ್.
ಇದು ಬಾರ್ಲಿ, ಭಾರ; ಅವನದು ಗೋಧಿ, ಗಾಳಿಯಷ್ಟು ಹಗುರ.
ನಾಲಿಗೆಗೆ ಸುಳ್ಳು ಬಾರದು,
ತಪ್ಪು ಮನೆಯ ಬಾಗಿಲು ತಟ್ಟಿದ್ದೇನೆ.
ಆದರೂ ಒಳಗಿಂದ ಯಾರೋ ಕೆಮ್ಮಿದ ಹಾಗೆ.

ನಿಯಮ ಮುರಿದು ಎರಡನೆಯದು ತರಿಸಿದೆ.
ಹೊಗೆ ತುಸು ಹಿಂದೆ ಸರಿದು ಕೂತಿತು.
"ಮೂರನೆಯದಕ್ಕೆ ಅದು ಗೊತ್ತೇ ಆಗುವುದಿಲ್ಲ,
ಬರೀ ಬಿಯರ್" ಎಂದಳು ವಾಲ್‌ಬುರ್ಗಾ, ಮೇಜು ಒರೆಸುತ್ತ.
"ಎಲ್ಲರಿಗೂ ಹಾಗೇ. ತರಲಾ?"

ನಾಳೆ ಭಾನುವಾರ, ಈ ದೇಶದಲ್ಲಿ ಲಾರಿಗಳಿಗೆ ರಸ್ತೆಯಿಲ್ಲ.
ಕುಡಿಯಬಹುದಿತ್ತು.
ಬೇಡ ಎಂದೆ.

ಸೇತುವೆಯ ಮೇಲೆ ನಿಂತು
ಕೋಟಿನ ತೋಳು ಮೂಸಿ ನೋಡಿದೆ:
ಡೀಸೆಲ್.